ನೆಗೆಯುವ ಮುನ್ನ ನಡೆಯಲಿ

1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಬಿಡುವಿನ ವೇಳೆ ನೋಟಕರನ್ನು ರಂಜಿಸಲೆಂದು, ನಾಯಿಗಳನ್ನು ಬೇಲಿ ಹಾರಿಸಿ, ಸುರಂಗ ನುಸುಳಿಸಿ ಓಡಿಸಿದರು. ಕುದುರೆಗಳ ನೆಗೆತದ ಪಂದ್ಯವೇ ಇದಕ್ಕೆ ಮಾದರಿ. ಅಂದಿನ ವಿನೋದವು ಇಂದು ‘ಅಜಿಲಿಟಿ’ ಎಂಬ ಹೆಸರಿನಿಂದ ಹಲವು ದೇಶಗಳ ಕ್ರೀಡೆಯಾಗಿದೆ. ನಿಮ್ಮ ಮನೆಯ ಮೂರು ತಿಂಗಳ ಮರಿಯನ್ನೂ ಹಾಗೆ ಹಾರಿಸಬೇಕೆಂಬ ಆಸೆ ಸಹಜವೇ. ಆದರೆ ತುಸು ತಾಳಿರಿ.

ಎಳೆಯ ಮರಿಯ ಕಾಲೆಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಅದು ಬಲಿಯಲು ಸಣ್ಣ ತಳಿಗಳಿಗೆ ಸುಮಾರು ಒಂದು ವರ್ಷ, ದೊಡ್ಡವಕ್ಕೆ ಒಂದೂವರೆ ವರ್ಷದವರೆಗೂ ಬೇಕು. ಅದಕ್ಕೆ ಮೊದಲೇ ಪದೇಪದೇ ಎತ್ತರ ಹಾರಿಸಿ ಆ ಪದರಕ್ಕೆ ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯಬಹುದು. ಓನಾಮ ತಿದ್ದದ ಕೂಸಿನ ಮುಂದೆ ಮಹಾಕಾವ್ಯವನ್ನು ಇಡುವವರುಂಟೆ?

ಹಾಗಾದರೆ ಮೊದಲ ಪಾಠ ಯಾವುದು? ಏಣಿಯೊಂದನ್ನು ನೆಲದ ಮೇಲೆ ಮಲಗಿಸಿ, ಅದರ ಮೆಟ್ಟಿಲುಗಳ ನಡುವೆ ಮರಿಯನ್ನು ಮೆಲ್ಲನೆ ನಡೆಸಿರಿ. ಮುಂಗಾಲನ್ನು ನೋಡಿ ಇಡುವ ನಾಯಿಗೆ ಹಿಂಗಾಲಿನ ಪರಿವೆ ಕಡಿಮೆ. ಏಣಿ ಅದನ್ನು ಕಲಿಸುತ್ತದೆ. ನೆಲದ ಮೇಲಿಟ್ಟ ಅಗಲವಾದ ಹಲಗೆಯ ಮೇಲೆ ನಡೆಯಲಿ. ಎರಡೂ ಕಡೆ ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ ನುಸುಳಲಿ. ಕರೆದೊಡನೆ ಬರುವುದನ್ನೂ, ನಿಲ್ಲೆಂದಾಗ ನಿಲ್ಲುವುದನ್ನೂ ಕಲಿಯಲಿ. ಸರಿಯಾಗಿ ಮಾಡಿದ ಕ್ಷಣವೇ ಒಂದು ಚೂರು ತಿಂಡಿ, ಒಂದು ಮೆಚ್ಚುನುಡಿ. ಬೆದರಿದರೆ ಎಳೆಯಬೇಡಿ. ನುಣುಪು ನೆಲ ಬೇಡ. ಪಾಠ ಐದು ನಿಮಿಷ ಮೀರದಿರಲಿ.

ಎಲುಬು ಬಲಿತಿದೆಯೆಂದು ಪಶುವೈದ್ಯರು ಹೇಳುವವರೆಗೆ, ಹಾರಬೇಕಾದ ಕೋಲು ನೆಲದ ಮೇಲೆಯೇ ಇರಲಿ. ಮರಿ ಅದನ್ನು ದಾಟಿ ನಡೆದರೆ ಸಾಕು.