ಕೂರ್ಮಗಡದ ಏರು, ಕಡಲಿನ ಗಾಳಿ

ಹುಬ್ಬಳ್ಳಿ-ಧಾರವಾಡದ ವಾಚಕರಿಗೆ ಗುಡ್ಡದ ನಡಿಗೆಯೂ ದೋಣಿಯ ಪಯಣವೂ ಒಟ್ಟಿಗೆ ಬೇಕೆನಿಸಿದರೆ ಕಾರವಾರದ ಬಳಿಯ ಕೂರ್ಮಗಡವು ತಕ್ಕ ಸ್ಥಳ. ಕಡಲಿನಲ್ಲಿ ಆಮೆಯ ಬೆನ್ನಿನಂತೆ ತೋರುವ ಈ ನಡುಗಡ್ಡೆಯ ಮೇಲೆ ನರಸಿಂಹನ ಗುಡಿಯಿದೆ. ಏರು ಚಿಕ್ಕದು, ಹೊಸಬರೂ ಹತ್ತಬಲ್ಲರು. ಎಚ್ಚರ ಬೇಕಾದುದು ಗುಡ್ಡದಲ್ಲಲ್ಲ, ಮರಳುವ ದೋಣಿಯಲ್ಲಿ.

ಬೆಳಿಗ್ಗೆ ಶಾಂತವಾಗಿದ್ದ ಕಡಲು ಮಧ್ಯಾಹ್ನದ ಮೇಲೆ ಕದಡುವದೇಕೆ? ನೆಲದ ಮೇಲೂ ನೀರಿನ ಮೇಲೂ ಬೀಳುವ ಬಿಸಿಲು ಒಂದೇ. ಆದರೆ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಅಷ್ಟೇ ತೂಕದ ಒಣ ಮರಳಿಗೆ ಬೇಕಾಗುವದರ ಸುಮಾರು 5 ಪಟ್ಟು ಉಷ್ಣ ಬೇಕು. ಮೇಲಾಗಿ, ಕಲಕುತ್ತಿರುವ ನೀರಿನಲ್ಲಿ ಆ ಉಷ್ಣವು ಆಳಕ್ಕೂ ಹಂಚಿಹೋಗುವದು. ಆದುದರಿಂದ ನೆಲವೇ ಬೇಗ ಕಾಯುವದು. ಅದರ ಮೇಲಿನ ಗಾಳಿಯು ಹಗುರಾಗಿ ಮೇಲೇರಲು, ಆ ತೆರವನ್ನು ತುಂಬಲು ಕಡಲಿನ ತಂಪುಗಾಳಿಯು ದಡದತ್ತ ಬೀಸುವದು. ಹೊತ್ತೇರಿದಂತೆ ಆರಂಭವಾಗುವ ಈ ಗಾಳಿಯು ಮಧ್ಯಾಹ್ನದ ಬಳಿಕ ಬಲಗೊಂಡು ಅಲೆಗಳನ್ನೆಬ್ಬಿಸುವದು.

2019ರ ಜನವರಿ 21ರಂದು ಇಲ್ಲಿಯ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹತ್ತಕ್ಕೂ ಮಿಕ್ಕಿ ಜನರು ಅಸುನೀಗಿದರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು.

ಆದುದರಿಂದ ಮಳೆಗಾಲದಲ್ಲಿ ಈ ಪಯಣ ಬೇಡ. ಹಿಂದಿನ ರಾತ್ರಿ ಕಾರವಾರದಲ್ಲಿ ತಂಗಿ, ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದೊಳಗೆ ದಡ ಸೇರಿರಿ. ಕಿಕ್ಕಿರಿದ ದೋಣಿಯನ್ನು ಏರಬೇಡಿರಿ. ಲೈಫ್ ಜಾಕೆಟ್ ತೊಟ್ಟು, ಕುಳಿತೇ ಇರಿ. ಜನರು ಎದ್ದು ನಿಂತರೆ ದೋಣಿಯ ಗುರುತ್ವಕೇಂದ್ರವು ಮೇಲೇರಿ, ಸಣ್ಣ ಅಲೆಯೂ ಅದನ್ನು ಮಗುಚಬಲ್ಲದು. ಗುಡ್ಡದ ಮೇಲೆ ಇನ್ನೊಂದು ತಾಸು ಇರಬೇಕೆನಿಸಿದಾಗ ಗಾಳಿಯ ಈ ನಿಯಮವನ್ನು ನೆನೆಯುವದು ಒಳ್ಳೆಯದು.