ಜೂಜಿನ ವ್ಯಸನವೂ ವೈದ್ಯರ ಪರೀಕ್ಷೆಯೂ

ಜೂಜಾಡಿ ಮನೆಮಾರು ಕಳೆದುಕೊಂಡವನನ್ನು ಕಂಡರೆ ನಮ್ಮ ಜನರು ಆಡುವ ಮಾತು ಎರಡೇ. ‘ಮಾಡಿದ್ದನ್ನು ಉಣ್ಣಲಿ’ ಎಂಬುದೊಂದು. ‘ಪೋಲೀಸರ ಕೈಗೆ ಕೊಟ್ಟರೆ ಬುದ್ಧಿ ಬರುತ್ತದೆ’ ಎಂಬುದು ಇನ್ನೊಂದು. ಇಂಥವನನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬ ಮೂರನೆಯ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಸುಲಭವಾಗಿ ಹುಟ್ಟುವುದಿಲ್ಲ. ಕುಡುಕನನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ನಾಚದ ಬಂಧುಗಳು ಜೂಜುಗಾರನ ವಿಷಯದಲ್ಲಿ ಮಾತ್ರ ಸಾಲ ತೀರಿಸಿ, ದೇವರ ಮುಂದೆ ಆಣೆ ಮಾಡಿಸಿ, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಹೊಸ ಸಾಲ ಹೊರಬೀಳುತ್ತದೆ.

ನಮ್ಮ ಹಿಂದಿನವರು ದ್ಯೂತವನ್ನೂ ಪಾನವನ್ನೂ ಸಪ್ತವ್ಯಸನಗಳೆಂಬ ಒಂದೇ ಪಟ್ಟಿಯಲ್ಲಿ ಸೇರಿಸಿದ್ದರಷ್ಟೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಪ್ರಲಾಪವೇ ಒಂದು ಸೂಕ್ತವಾಗಿದೆ. ಒಮ್ಮೆ ಸರ್ವಸ್ವವನ್ನೂ ಸೋತು, ಹೇಗೋ ಬಿಡುಗಡೆ ಹೊಂದಿದ ಧರ್ಮರಾಯನು ಮತ್ತೆ ಅದೇ ಹಾಸಿನ ಮುಂದೆ ಕುಳಿತ ಕಥೆಯನ್ನು ಗಮಕಿಗಳ ಬಾಯಿಂದ ಕೇಳದ ಕನ್ನಡಿಗನಿಲ್ಲ. ಪಾಶ್ಚಾತ್ಯ ವೈದ್ಯರು ಈ ತಿಳಿವಳಿಕೆಗೆ ಬಂದದ್ದು ತಡವಾಗಿ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಗ್ರಂಥದ 1980ರ ಆವೃತ್ತಿಯಲ್ಲಿ ಜೂಜಿನ ಚಟಕ್ಕೆ ಸ್ಥಾನ ಕೊಟ್ಟಿತಾದರೂ, ಕದಿಯುವ ಗೀಳು, ಬೆಂಕಿಯಿಡುವ ಗೀಳು ಇವುಗಳ ಸಾಲಿನಲ್ಲಿ ಅದನ್ನು ಇರಿಸಿತು. ಮದ್ಯ, ಅಫೀಮುಗಳ ಜತೆಗೆ ಅದನ್ನು ಸೇರಿಸಿದುದು 2013ರಲ್ಲಿ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವೂ ಇದೇ ಮಾರ್ಗವನ್ನು ಹಿಡಿದಿದೆ.

ಹಾಗಾದರೆ ವೈದ್ಯರು ಇದನ್ನು ಗುರುತಿಸುವುದು ಹೇಗೆ? ರಕ್ತ ತೆಗೆದು ನೋಡಿದರೆ ಕಾಣುವ ರೋಗ ಇದಲ್ಲ. ಬಾಯಲ್ಲಿ ವಾಸನೆಯಿಲ್ಲ, ನಡೆಯಲ್ಲಿ ತೂರಾಟವಿಲ್ಲ. ಇರುವ ಸಾಧನವೆಂದರೆ ಸರಿಯಾದ ಪ್ರಶ್ನೆ. ಮೇಲೆ ಹೇಳಿದ ಅಮೆರಿಕದ ಗ್ರಂಥದಲ್ಲಿ ಒಂಬತ್ತು ಲಕ್ಷಣಗಳನ್ನು ಕೊಟ್ಟಿದೆ. ಮೊದಲಿನ ಉತ್ಸಾಹಕ್ಕಾಗಿ ಪಣದ ಹಣವನ್ನು ಏರಿಸುತ್ತ ಹೋಗುವುದು, ಆಟ ಕಡಿಮೆ ಮಾಡಿದರೆ ಚಡಪಡಿಕೆ, ಸಿಡುಕು, ಬಿಡಬೇಕೆಂದು ಮತ್ತೆ ಮತ್ತೆ ಯತ್ನಿಸಿ ಸೋಲುವುದು, ಹಗಲಿರುಳು ಅದೇ ಧ್ಯಾನ, ಮನಸ್ಸು ಕುಗ್ಗಿದಾಗ ಆಟಕ್ಕೆ ಓಡುವುದು, ಸೋತ ಹಣವನ್ನು ಗೆದ್ದು ತರುತ್ತೇನೆಂದು ಮರುದಿನ ಹೋಗುವುದು, ಸುಳ್ಳು ಹೇಳುವುದು, ಉದ್ಯೋಗಕ್ಕೋ ಸಂಸಾರಕ್ಕೋ ಸಂಚಕಾರ ತಂದುಕೊಳ್ಳುವುದು, ಕಡೆಗೆ ಇತರರ ಹಣದ ಮೇಲೆ ನಿಲ್ಲುವುದು. ಹನ್ನೆರಡು ತಿಂಗಳ ಅವಧಿಯಲ್ಲಿ ಇವುಗಳಲ್ಲಿ ನಾಲ್ಕು ಕಂಡುಬಂದು ಬಾಳು ಕೆಟ್ಟಿದ್ದರೆ ವ್ಯಸನವೆನ್ನಬಹುದು. ಎಂಟು ಒಂಬತ್ತು ಇದ್ದರೆ ತೀವ್ರವಾದುದು. ಸೋತುದನ್ನು ಬೆನ್ನಟ್ಟುವ ಆರನೆಯ ಲಕ್ಷಣವೇ ಧರ್ಮರಾಯನದು ಎಂದು ಓದುಗರು ಅಂದುಕೊಂಡರೆ ನಾವು ಅಡ್ಡಬರುವುದಿಲ್ಲ.

ಅವಸರದ ಹೊರರೋಗಿ ವಿಭಾಗದಲ್ಲಿ ಒಂಬತ್ತನ್ನೂ ಕೇಳಲು ಸಮಯವೆಲ್ಲಿ ಎಂಬ ಆಕ್ಷೇಪಣೆಗೂ ಉತ್ತರವಿದೆ. 1997ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿರುವುದು ಎರಡೇ ಪ್ರಶ್ನೆ: ಪಣ ಏರಿಸಬೇಕೆಂಬ ಒತ್ತಡ ಉಂಟಾಗಿದೆಯೆ? ಎಷ್ಟು ಆಡಿದೆನೆಂಬ ಬಗ್ಗೆ ಬೇಕಾದವರಿಗೆ ಸುಳ್ಳು ಹೇಳಿದ್ದುಂಟೆ? ಯಾವುದಾದರೊಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಮುಂದಿನ ವಿಚಾರಣೆ ಮಾಡತಕ್ಕದ್ದು. ಅದಕ್ಕೆ ನ್ಯೂಯಾರ್ಕಿನ ಸೌತ್ ಓಕ್ಸ್ ಆಸ್ಪತ್ರೆಯ ಹೆಸರಿನಲ್ಲಿ 1987ರಲ್ಲಿ ಹೊರಬಂದ ಇಪ್ಪತ್ತು ಅಂಕದ ಪ್ರಶ್ನಾವಳಿಯಿದೆ, 2001ರಲ್ಲಿ ಕೆನಡಾದವರು ರಚಿಸಿದ ಒಂಬತ್ತು ಪ್ರಶ್ನೆಗಳ ಪಟ್ಟಿಯಿದೆ.

ಆದರೆ ಹೊರದೇಶದ ಪ್ರಶ್ನೆಯನ್ನು ಹಾಗೆಯೇ ಕನ್ನಡಿಸಿ ಓದಿದರೆ ಪ್ರಯೋಜನವಾಗದು. ‘ನೀನು ಜೂಜಾಡುತ್ತೀಯಾ?’ ಎಂದರೆ ‘ಇಲ್ಲ ಸ್ವಾಮಿ’ ಎಂದೇ ಉತ್ತರ ಬರುತ್ತದೆ. ಇಸ್ಪೀಟು, ಅಂದರ್ ಬಾಹರ್, ಮಟ್ಕಾ, ಕುದುರೆ, ಕ್ರಿಕೆಟ್ಟಿನ ಬೆಟ್ಟು, ಮೊಬೈಲಿನ ರಮ್ಮಿ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತಿದೆಯಾದುದರಿಂದ, ತಾನು ಆಡುವುದು ಜೂಜೇ ಅಲ್ಲವೆಂದು ವಾದಿಸುವ ಗುಮಾಸ್ತರು ಎಷ್ಟೋ ಮಂದಿ. ಆ ಭೇದ ನ್ಯಾಯಸ್ಥಾನಕ್ಕೆ ಬೇಕು. ಸಂಬಳವೆಲ್ಲ ಹತ್ತನೆಯ ತಾರೀಖಿನೊಳಗೆ ಕರಗಿದೆಯೆ ಎಂದು ನೋಡುವ ವೈದ್ಯರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಅಂಕ ಕೂಡಿಸಿದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಉನ್ಮಾದದ ಭರದಲ್ಲಿ ಹಣ ಚೆಲ್ಲುವವನ ರೋಗವೇ ಬೇರೆ, ಚಿಕಿತ್ಸೆಯೇ ಬೇರೆ. ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಕ್ಕೆ ಕೊಡುವ ಪ್ರಾಮಿಪೆಕ್ಸೋಲ್ ಮೊದಲಾದ ಕೆಲವು ಔಷಧಗಳಿಂದ, ಜೀವಮಾನದಲ್ಲಿ ಎಲೆ ಮುಟ್ಟದ ಮುದುಕರಿಗೂ ಜೂಜಿನ ಹುಚ್ಚು ಹಿಡಿದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಅಲ್ಲಿ ಉಪದೇಶ ಮಾಡುವುದಕ್ಕಿಂತ ಔಷಧದ ಚೀಟಿಯನ್ನು ನೋಡುವುದು ಮೇಲು. ಕುಡಿತ ಜತೆಗಿದೆಯೆ, ಖಿನ್ನತೆಯಿದೆಯೆ ಎಂದು ವಿಚಾರಿಸಬೇಕು. ರೋಗಿಯ ಒಪ್ಪಿಗೆ ಪಡೆದು ಹೆಂಡತಿಯನ್ನೋ ಅಣ್ಣನನ್ನೋ ಪ್ರತ್ಯೇಕವಾಗಿ ಕೇಳಬೇಕು. ಸಾಲದ ಪೂರ್ಣ ಲೆಕ್ಕವನ್ನು, ಬಡ್ಡಿಯವರ ಹೆಸರುಸಹಿತ, ಕಾಗದದ ಮೇಲೆ ಬರೆಯಿಸಬೇಕು. ಮೊದಲ ಸಲ ಹೇಳುವ ಮೊತ್ತ ನಿಜವಾದ ಮೊತ್ತಕ್ಕಿಂತ ಕಡಿಮೆಯಿರುತ್ತದೆಂದೇ ಎಣಿಸುವುದು ಒಳ್ಳೆಯದು.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೆ? ಸಾಲ ಬಯಲಾದ ದಿನ ಜೂಜುಗಾರನಿಗೆ ಬಹು ಅಪಾಯದ ದಿನ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರವಾದುದು. ಕೇಳದೆ ನಿದ್ರೆಯ ಗುಳಿಗೆ ಕೊಟ್ಟು ಕಳುಹಿಸುವುದೇ ಭಯಂಕರ. ನಿದ್ರೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಬರುವ ರೋಗಿ ತಾನಾಗಿ ಆಟದ ಸುದ್ದಿಯನ್ನು ಎತ್ತುವುದೇ ಇಲ್ಲ.

ಇನ್ನು ಸರ್ಕಾರದವರ ಕರ್ತವ್ಯ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಗೆ 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅಂಗಡಿ ಮುಚ್ಚಿದರೆ ಹೊಸಬರು ಬೀಳುವುದು ಕಡಿಮೆಯಾದೀತು, ಬಿದ್ದವರ ಗತಿಯೇನು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ರೋಗವೆಂದರೇನೆಂಬಲ್ಲಿ ಮದ್ಯ ಮತ್ತು ಮಾದಕ ವಸ್ತುಗಳನ್ನು ಹೆಸರಿಸಿದೆ, ಜೂಜನ್ನು ಹೆಸರಿಸಿಲ್ಲ. ಆದರೆ ರೋಗನಿರ್ಣಯವು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ವರ್ಗೀಕರಣವೇ ಮೊದಲಾದ ಮಾನ್ಯ ಪ್ರಮಾಣಗಳಂತೆ ನಡೆಯಬೇಕೆಂದು ಅದೇ ಕಾಯಿದೆಯ ಮೂರನೆಯ ಪ್ರಕರಣ ವಿಧಿಸುತ್ತದೆ. ಆ ವರ್ಗೀಕರಣದಲ್ಲಿ ಜೂಜು ಇದೆ. ಆದುದರಿಂದ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟುವ ಹಕ್ಕು ಜೂಜುಗಾರನಿಗೂ ಉಂಟೆಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಬಹುದು. ಆದರೆ ಹಾವೇರಿಯ ಗುಮಾಸ್ತನೂ ಸಿಂಧನೂರಿನ ವರ್ತಕನೂ ಮೊದಲು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಮೇಲ್ಕಂಡ ಎರಡು ಪ್ರಶ್ನೆಗಳನ್ನೂ ಪ್ರಾಣಾಪಾಯದ ಪ್ರಶ್ನೆಯನ್ನೂ ಅಲ್ಲಿನ ಹೊರರೋಗಿ ಚೀಟಿಯಲ್ಲಿ ಅಚ್ಚು ಮಾಡಿಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಇಸ್ಪೀಟಿನ ಅಡ್ಡೆಯ ಮೇಲೆ ದಾಳಿ ಮಾಡಿ ಆಟಗಾರರನ್ನು ಹಿಡಿದು ತರುವ ಠಾಣೆಯವರೂ, ದಂಡದ ರಸೀತಿಯ ಜತೆಗೆ ಆ ದೂರವಾಣಿ ಸಂಖ್ಯೆ ಬರೆದ ಒಂದು ಚೀಟಿಯನ್ನು ಕೊಟ್ಟು ಕಳುಹಿಸಲಿ. ಆರೋಗ್ಯ ಇಲಾಖೆಯೂ ಪೋಲೀಸು ಇಲಾಖೆಯೂ ಒಂದು ಮಧ್ಯಾಹ್ನ ಕೂತು ಮಾತನಾಡಿಕೊಂಡರೆ ಆಗುವ ಕೆಲಸವಿದು.