ಮೂರನೆಯ ಸಾಲಿನಲ್ಲಿ ಕುಳಿತು ನೋಡಿ, ಆಮೇಲೆ ಗಾಡಿ ಕೊಳ್ಳಿ

ಸೀರೆ ಅಂಗಡಿಗೆ ಹೋದರೆ ನಾವು ಹೆಂಗಸರು ಸುಮ್ಮನೆ ಬಿಡುತ್ತೇವೆಯೇ? ಸೆರಗು ಬಿಡಿಸಿ ನೋಡುತ್ತೇವೆ, ಒಳಮಗ್ಗುಲು ತಿರುವಿ ಜರಿ ನೋಡುತ್ತೇವೆ, ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುತ್ತೇವೆ. ಕಾಲು ಕಿಲೋ ಬದನೆಕಾಯಿ ಕೊಂಡರೂ ಒಂದೊಂದನ್ನೇ ತಿರುಗಿಸಿ ಹುಳುಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಆದರೆ ಲಕ್ಷಗಟ್ಟಲೆ ಸುರಿದು ಮನೆಗೆ ಕಾರು ತರುವಾಗ ಮಾತ್ರ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: “ಯಾವ ಬಣ್ಣ ಆಗಬಹುದು ಹೇಳು?”

ನಮ್ಮ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು. ತಪ್ಪಿದ್ದು ಹೇಗೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಹಿಂದಿನ ಸೀಟಿನಲ್ಲಿ ಕೂತವಳು ನಾನು. ಆ ಅನುಭವ ಏನು ಕಡಿಮೆಯದೇ?

ನಮ್ಮದು ಹಾಸನ. ಅತ್ತೆ, ಮಾವ, ನಾವಿಬ್ಬರು, ಪಿಯುಸಿ ಓದುವ ಮಗಳು, ಎಂಟನೇ ಕ್ಲಾಸಿನ ಮಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಾದಿನಿ, ಒಟ್ಟು ಏಳು ಜನ. ಇದ್ದದ್ದು ಐದು ಜನರ ಪುಟ್ಟ ಕಾರು. ನಾನು ಚಿಕ್ಕವಳಿದ್ದಾಗ ಮದುವೆಗೆಂದು ಹೊರಟರೆ ಒಂದೇ ಅಂಬಾಸಿಡರಿನಲ್ಲಿ ಹತ್ತು ಜನ ತುಂಬುತ್ತಿದ್ದೆವು. ಮಕ್ಕಳು ತೊಡೆಯ ಮೇಲೆ, ಬುಟ್ಟಿ ಕಾಲಡಿಗೆ. ಈಗ ಹಾಗೆಲ್ಲ ತುರುಕಿಕೊಂಡು ಹೋಗುವಂತಿಲ್ಲ, ಹೋಗಲೂಬಾರದು.

2024ರಲ್ಲಿ ಮಂಗಳೂರಿನಲ್ಲಿ ಹತ್ತಿರದ ನೆಂಟರ ಮದುವೆ. ಹಿಂದಿನ ದಿನ ರಾತ್ರಿ ಅತ್ತೆ ಹೇಳಿದರು, “ನನಗೆ ಮಂಡಿನೋವು ಕಣಮ್ಮ. ನೀವು ಐದು ಜನ ಹೋಗಿಬನ್ನಿ. ನಾನು, ಅವರು ಮನೇಲಿರ್ತೀವಿ.” ನಾವೂ ಒಪ್ಪಿ ಹೊರಟುಬಿಟ್ಟೆವು. ವಾಪಸು ಬಂದ ಮೇಲೆ ಅವರ ಕೋಣೆಗೆ ಹೋದರೆ ಇಸ್ತ್ರಿಯಾದ ರೇಷ್ಮೆ ಸೀರೆ, ಅದಕ್ಕೊಪ್ಪುವ ಕುಪ್ಪಸ, ಒಂದು ಕವರಿನಲ್ಲಿ ಮದುಮಗಳಿಗೆಂದು ಬರೆದಿಟ್ಟ ಮುಯ್ಯಿ, ಎಲ್ಲ ಮಂಚದ ಮೇಲೇ ಇತ್ತು. ಹೊರಡಲು ಸಿದ್ಧವಾಗಿದ್ದರು. ಜಾಗ ಸಾಲದು ಎಂದು ತಾವೇ ಹಿಂದೆ ಸರಿದಿದ್ದರು. ನನಗೆ ಆ ದಿನ ಊಟ ಸೇರಲಿಲ್ಲ.

“ಏಳು ಜನರ ಗಾಡಿ ತಗೊಳ್ಳೋಣ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನನ್ನ ಚೀಟಿ ಹಣ ಎರಡು ಲಕ್ಷ ಇದೆ” ಎಂದೆ. ನಮ್ಮವರು ಹುಬ್ಬೇರಿಸಿದರು. ಆದರೆ ಹಣ ಹಾಕಿದವಳಿಗೆ ಬಣ್ಣಕ್ಕಿಂತ ಹೆಚ್ಚಿನ ಮಾತಾಡುವ ಹಕ್ಕು ಬರುತ್ತದೆ ನೋಡಿ!

ಯಾವ ಗಾಡಿ?

ಮೂರು ಸಾಲಿನ ಗಾಡಿ ಎಂದ ಕೂಡಲೇ ಎಲ್ಲರ ಬಾಯಲ್ಲೂ ಇನ್ನೋವಾ. ಕ್ವಾಲಿಸ್ ನಿಂತ ಮೇಲೆ 2005ರಲ್ಲಿ ಬಂದದ್ದು, ನಮ್ಮ ಬಿಡದಿಯಲ್ಲೇ ತಯಾರಾಗುವುದು. 2016ರಲ್ಲಿ ಅದರದೇ ಕ್ರಿಸ್ಟಾ ಬಂತು. ಗಟ್ಟಿ ಗಾಡಿ, ಕೊನೆಯ ಸಾಲಿನಲ್ಲೂ ದೊಡ್ಡವರು ಕೂರಬಹುದು. ಆದರೆ ಹಳೆಯದಾದರೂ ಬೆಲೆ ಇಳಿಯದು. ಬಾಡಿಗೆಗೆ ದುಡಿದ ಗಾಡಿಗಳೂ ಹೆಚ್ಚು. ಮೇಲಾಗಿ ಅದರ ನೆಲ ಎತ್ತರ, ಅತ್ತೆಯವರ ಮಂಡಿಗೆ ಒಗ್ಗದು.

ಇನ್ನೊಂದು ಮಾರುತಿ ಎರ್ಟಿಗಾ. ಮೊದಲ ಮಾದರಿ 2012ರದು, ಉದ್ದ ಹೆಚ್ಚಿಸಿದ ಎರಡನೆಯದು 2018ರ ನವೆಂಬರಿನಲ್ಲಿ ಬಂದದ್ದು. ಕಾರಿನ ಹಾಗೆ ನೆಲ ತಗ್ಗು. 2022ರಲ್ಲಿ ಬಂದ ಕಿಯಾ ಕಾರೆನ್ಸ್ ನಮ್ಮ ಕೈಗೆಟುಕುವ ಹಾಗಿರಲಿಲ್ಲ. ಷೆವರ್ಲೆ ಎಂಜಾಯ್, ಹೋಂಡಾ ಮೊಬಿಲಿಯೊ, ರೆನೋ ಲಾಡ್ಜಿಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಮೊದಲೆರಡು 2017ರಲ್ಲಿ, ಮೂರನೆಯದು 2020ರಲ್ಲಿ ಮಾರಾಟ ನಿಂತವು. “ಅಕ್ಕಾ, ನಿಂತುಹೋದ ಗಾಡಿಯ ಸ್ಪೇರ್ ಪಾರ್ಟಿಗೆ ಊರೂರು ಅಲೀಬೇಕಾಗ್ತದೆ. ಗಾಡಿ ತಗೊಳ್ಳೋ ಮುಂಚೆ ಸಾಮಾನು ಎಲ್ಲಿ ಸಿಗ್ತದೆ ಅಂತ ಕೇಳಿ” ಎಂದರು ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿ.

ಘಮಘಮಿಸುವ ಗಾಡಿ

ಮೊದಲು ನೋಡಿದ್ದು ಬೆಂಗಳೂರಿನ ಒಬ್ಬ ಹಳೆಗಾಡಿ ವ್ಯಾಪಾರಿಯ ಬಳಿ. ಬಿಳೀ ಗಾಡಿ, ಕನ್ನಡಿಯಂಥ ಹೊಳಪು. ಓಡಿದ್ದು ಬರೀ ಮೂವತ್ತೆಂಟು ಸಾವಿರ ಕಿಲೋಮೀಟರು. ನಮ್ಮವರು ಬಾನೆಟ್ ಎತ್ತಿಸಿದರು, ಕೀಲಿ ತಿರುಗಿಸಿದರು, “ಬೆಣ್ಣೆ ಥರ ಇದೆ ಕಣೇ ಇಂಜಿನ್ನು” ಎಂದರು. ಮುಂಗಡದ ಹತ್ತು ಸಾವಿರ ಆಗಲೇ ಅವರ ಜೇಬಿನಲ್ಲಿತ್ತು.

ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಮಲ್ಲಿಗೆ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಎಲ್ಲ ಕಿಟಕಿ ಮುಚ್ಚಿಸಿ ಐದು ನಿಮಿಷ ಸುಮ್ಮನೆ ಕೂತೆ. ಸೆಂಟಿನ ಅಡಿಯಿಂದ ಮೆಲ್ಲಗೆ ಇನ್ನೊಂದು ವಾಸನೆ ಎದ್ದಿತು. ಮಳೆಗಾಲದಲ್ಲಿ ಒಣಗದ ಹಾಸಿಗೆಯ ಮುಗ್ಗಲು ವಾಸನೆ. ಮನೆ ನಡೆಸುವವಳಿಗೆ ಅದು ಗೊತ್ತಾಗದೆ ಇರುತ್ತದೆಯೇ?

ಸೀಟ್ ಬೆಲ್ಟನ್ನು ಮೆಲ್ಲಗೆ ಎಳೆದೆ. ಎಲ್ಲರೂ ಒಂದು ಮೊಳ ಎಳೆದು ಬಿಡುತ್ತಾರೆ, ನಾನು ಸುರುಳಿ ಮುಗಿಯುವ ತನಕ ಎಳೆದೆ. ಕೊನೆಯ ಒಂದಡಿಯಲ್ಲಿ ಕಂದು ಗೆರೆ, ಮುಟ್ಟಿದರೆ ಬೆರಳಿಗೆ ನುಣ್ಣನೆ ಮಣ್ಣು. ಉಪ್ಪಿನಕಾಯಿ ಬಾಟಲು ಎಷ್ಟು ತೊಳೆದರೂ ಮುಚ್ಚಳದ ಸುತ್ತಿನಲ್ಲಿ ಎಣ್ಣೆ ಉಳಿದಿರುತ್ತದಲ್ಲ, ಹಾಗೆ. ಸೀಟಿನ ಕೆಳಗಿನ ಹಾಸು ಎತ್ತಿದರೆ ಬೋಲ್ಟುಗಳಿಗೆಲ್ಲ ತುಕ್ಕು.

“ತೊಳೆಯುವಾಗ ನೀರು ಬಿದ್ದಿರಬೇಕು ಮೇಡಂ” ಎಂದರು ವ್ಯಾಪಾರಿ. ತೊಳೆಯುವ ನೀರು ಬೆಲ್ಟಿನ ಸುರುಳಿಯೊಳಗೆ ಮಣ್ಣು ತುಂಬುತ್ತದೆಯೇ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಈ ಗಾಡಿ ಎಲ್ಲಿಯ ನೀರು ಕುಡಿದಿತ್ತೋ, ಅದು ಮಾರುವವರು ಹೇಳಬೇಕಾದ ಮಾತು. ಮೇಸ್ತ್ರಿಗೆ ಫೋನು ಮಾಡಿದಾಗ ಹೇಳಿದರು: ನೀರು ಹೊಕ್ಕ ಗಾಡಿ ಇವತ್ತು ಚೆನ್ನಾಗಿಯೇ ಓಡುತ್ತದೆ. ಆದರೆ ವೈರಿಂಗಿನ ಕೂಡುಗಳು ಒಳಗೊಳಗೇ ಹಸಿರುಗಟ್ಟುತ್ತವೆ, ದೀಪ ಹೊತ್ತದು, ಕಿಟಕಿ ಇಳಿಯದು, ಬೇಕಾದ ಹೊತ್ತಿಗೆ ಏರ್‌ಬ್ಯಾಗು ಕೈ ಕೊಟ್ಟರೂ ಕೊಟ್ಟೀತು. ನಮ್ಮವರು ಜೇಬಿನ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದರು.

ಏಳೂ ಜನ ಹೋಗಿ ನೋಡಿದ್ದು

ಎರಡನೆಯ ಗಾಡಿ ಅರಸೀಕೆರೆಯ ನಿವೃತ್ತ ಮೇಷ್ಟರದು. 2019ರ ಪೆಟ್ರೋಲ್ ಎರ್ಟಿಗಾ, ಒಬ್ಬರೇ ಒಡೆಯರು, ಅರವತ್ತೆರಡು ಸಾವಿರ ಓಡಿದ್ದು. ಈ ಸಲ ನಾನು ಹಟ ಹಿಡಿದೆ, ಕೂರುವವರೆಲ್ಲ ಬರಬೇಕು ಎಂದು. ಐದು ಜನ ಕಾರಿನಲ್ಲಿ, ನಾದಿನಿ ಮತ್ತು ಮಗಳು ರೈಲಿನಲ್ಲಿ, ಮೇಸ್ತ್ರಿ ತಮ್ಮ ಬೈಕಿನಲ್ಲಿ. ಮೇಷ್ಟರು ನಕ್ಕು, “ಹೆಣ್ಣು ನೋಡೋಕೂ ಇಷ್ಟು ಜನ ಬರಲ್ಲ” ಎಂದರು.

ಮೊದಲು ಅತ್ತೆಯನ್ನು ಹತ್ತಿಸಿದೆವು. ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆಳೆದುಕೊಂಡರು. ಯಾರೂ ಹಿಡಿಯಬೇಕಾಗಲಿಲ್ಲ. ಎರಡನೆಯ ಸಾಲು ಹಿಂದೆ ಮುಂದೆ ಸರಿಯುತ್ತದೆ, ಒರಗುತ್ತದೆ. ಮೂರನೆಯ ಸಾಲಿಗೆ ಬೇರೆ ಬಾಗಿಲಿಲ್ಲ, ಎರಡನೆಯ ಸಾಲಿನ ಸೀಟು ಮಡಚಿಯೇ ಹೋಗಬೇಕು. ಆ ಮಡಚುವ ಸೀಟಿನಲ್ಲಿ ಮಂಡಿನೋವಿನವರನ್ನು ಕೂರಿಸಿದರೆ, ಹಿಂದಿನವರು ಇಳಿಯುವಾಗಲೆಲ್ಲ ಅವರನ್ನೂ ಇಳಿಸಬೇಕು! ಅದಕ್ಕೇ ಅತ್ತೆಗೆ ಬಲಬದಿ, ದಾರಿಗೆ ಎಡಬದಿ ಎಂದು ಅಲ್ಲೇ ತೀರ್ಮಾನಿಸಿದೆವು. ಮಡಚುವ ಹಿಡಿಯನ್ನು ಹತ್ತು ಸಲ ಎಳೆದು ನೋಡಿದೆ. ಅದು ಸಿಕ್ಕಿಕೊಂಡರೆ ಹಿಂದಿನವರು ಸೆರೆಮನೆಯಲ್ಲಿದ್ದ ಹಾಗೆ.

ಆಮೇಲೆ ನಾನು ಹಿಂದೆ ಕೂತೆ. ಮಂಡಿ ಎದೆಯ ಕಡೆಗೆ ಏರುತ್ತದೆ. ಗಂಟೆ ಹೊತ್ತಿಗೆ ಅಡ್ಡಿಯಿಲ್ಲ, ದಿನವಿಡೀ ದೊಡ್ಡವರಿಗೆ ಕಷ್ಟ. ಎತ್ತರದ ಮಾವನವರಿಗೆ ತಲೆ ತಾಗಿತು. ಮಕ್ಕಳಿಗೆ ಸಾಕು.

ಸಾಮಾನಿಗೆ? ನಾನು ಮನೆಯಿಂದಲೇ ಒಂದು ಸೂಟ್‌ಕೇಸು, ಎರಡು ಚೀಲ ಒಯ್ದಿದ್ದೆ. ಏಳೂ ಸೀಟು ಎತ್ತಿದಾಗ ಈ ಮಾದರಿಯಲ್ಲಿ ಹಿಂದೆ ಉಳಿಯುವುದು 209 ಲೀಟರ್ ಜಾಗ. 2012ರ ಮಾದರಿಯಲ್ಲಿ 135 ಲೀಟರ್ ಮಾತ್ರ. ಸೂಟ್‌ಕೇಸು ನಿಲ್ಲಿಸಿ, ಚೀಲ ಪಕ್ಕಕ್ಕೆ ತುರುಕಿದರೆ ಮುಗಿಯಿತು. ಸಿಎನ್‌ಜಿ ಗಾಡಿಯಾದರೆ ಈ ಜಾಗದ ಬಹುಪಾಲು ಸಿಲಿಂಡರಿಗೇ ಹೋಗುತ್ತದೆ. ಏಳು ಜನ, ಏಳು ಜನರ ಗಂಟುಮೂಟೆ ಎರಡೂ ಒಟ್ಟಿಗೆ ಎಂದು ಆಸೆ ಪಡಬೇಡಿ.

ಗಾಡಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಏಸಿ ಹಾಕಿಸಿದೆ. ತಂಪು ಮುಂದಿನವರಿಗೆ ಒಂದು ನಿಮಿಷದಲ್ಲಿ ಬರುತ್ತದೆ, ಹಿಂದಿನವರಿಗೆ ಯಾವಾಗ ಎನ್ನುವುದೇ ಪ್ರಶ್ನೆ. ಈ ಗಾಡಿಯಲ್ಲಿ ಎರಡನೆಯ ಸಾಲಿನ ಮೇಲೆ ಚಾವಣಿಯಲ್ಲಿ ಗಾಳಿಯ ಕಿಂಡಿಗಳಿವೆ. ಹತ್ತು ನಿಮಿಷಕ್ಕೆ ಮಗ “ಸಾಕು, ಚಳಿ” ಎಂದ.

ಕೊನೆಗೆ ಏಳೂ ಜನ ಕೂತು ಊರಾಚೆಯ ಏರಿಗೆ ಹೋದೆವು. ಒಬ್ಬರೇ ಕೂತು ಓಡಿಸಿದರೆ ಎಲ್ಲ ಗಾಡಿಯೂ ಚಿನ್ನವೇ. ತುಂಬಿದ ಗಾಡಿ ಏರು ಹತ್ತುತ್ತದೆಯೇ, ಇಳಿಜಾರಿನಲ್ಲಿ ಬ್ರೇಕು ಒಂದೇ ಕಡೆ ಎಳೆಯುತ್ತದೆಯೇ, ಹಂಪಿನ ಮೇಲೆ ತಳ ಉಜ್ಜುತ್ತದೆಯೇ, ಅದನ್ನು ನೋಡಬೇಕು. ನಮ್ಮದು ಒಂದು ಹಂಪಿನ ಮೇಲೆ ಮುಂದೆ ಬಲಗಡೆ ‘ಕಟಕಟ’ ಎಂದಿತು. ಖಾಲಿ ಓಡಿಸಿದಾಗ ಈ ಸದ್ದೇ ಇರಲಿಲ್ಲ! ಮೇಸ್ತ್ರಿ ಅಡಿಗೆ ತೂರಿ ನೋಡಿ, ಬುಷ್ ಸವೆದಿದೆ ಎಂದರು. ಟೈರಿನ ಮೇಲೆ ನಾಲ್ಕಂಕಿ ಇರುತ್ತದೆ, ನೋಡಿದ್ದೀರಾ? 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಮ್ಮದರಲ್ಲಿ ಎರಡು ಟೈರು ಗಾಡಿಯಷ್ಟೇ ಹಳೆಯವು. ಇವೆರಡನ್ನೂ ಹೇಳಿ, ಏಳು ಲಕ್ಷದ ಅರವತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ಇಳಿಸಿದೆವು. ಮೇಷ್ಟರು ಮುಖ ಸಣ್ಣದು ಮಾಡಲಿಲ್ಲ, ಕಾಫಿ ಕೊಟ್ಟು ಕಳಿಸಿದರು.

ಕಾಗದ ಪತ್ರ

ಬೇಸರವಾದರೂ ಇವನ್ನು ಬಿಡಬೇಡಿ:

• ಆರ್‌ಸಿಯಲ್ಲಿ ಎಷ್ಟನೇ ಒಡೆಯರು, ಸಾಲದ ನಮೂದು ಇದೆಯೇ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು.

• ಹೆಸರು ಬದಲಿಸಲು ಫಾರಂ 29 ಮತ್ತು 30. “ಆಮೇಲೆ ಮಾಡಿಸೋಣ” ಎನ್ನುವವರ ಮಾತು ಕೇಳಬೇಡಿ.

• ಹೊರರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಅಗ್ಗ ಎಂದು ತಂದು ಅಲ್ಲಿಗಲ್ಲಿಗೇ ಆಗುತ್ತದೆ.

• ಹಳದಿ ಬೋರ್ಡಿನಿಂದ ಬಿಳಿಗೆ ಬದಲಾದದ್ದೇ ಎಂದು ಕೇಳಿ. ಮೀಟರು ಸುಳ್ಳು ಹೇಳಬಹುದು; ಸರ್ವಿಸ್ ದಾಖಲೆ, ಸವೆದ ಪೆಡಲು, ಸ್ಟಿಯರಿಂಗ್ ನಿಜ ಹೇಳುತ್ತವೆ.

• ಕಟ್ಟದ ದಂಡ ಇದೆಯೇ ಎಂದು ಗಾಡಿ ನಂಬರು ಹಾಕಿ ನೋಡಿ.

• ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ‘ನೋ ಕ್ಲೇಮ್ ಬೋನಸ್’ ಮಾರಿದವರಿಗೆ ಸೇರಿದ್ದು, ಗಾಡಿಯ ಜೊತೆ ಬರುವುದಿಲ್ಲ.

• ಸಿಎನ್‌ಜಿ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಲಿಂಡರಿನ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಿರಬೇಕು.

ಕೂರುವ ಸರದಿ

ಗಾಡಿ ಮನೆಗೆ ಬಂದ ದಿನ ಒಂದು ನಿಯಮ ಮಾಡಿದೆ, ಏಳು ಬೆಲ್ಟೂ ಸಿಕ್ಕಿಸದೆ ಗಾಡಿ ಹೊರಡಕೂಡದು ಎಂದು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲೇ ಇದ್ದರು, ಬೆಲ್ಟ್ ಹಾಕಿರಲಿಲ್ಲ. ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎನ್ನುವ ಮಾತು ಅಲ್ಲಿಗೆ ಮುಗಿಯಬೇಕು. ಕೊನೆಯ ಸಾಲಿನ ಹಿಂದೆ ಮಕ್ಕಳ ತಲೆಯ ಮಟ್ಟಕ್ಕೆ ಸಾಮಾನು ಪೇರಿಸಬೇಡಿ. ಏಳು ಜನ ಕೂರುವ ದಿನ ಟೈರಿನ ಗಾಳಿಯೂ ಹೆಚ್ಚು ಬೇಕು. ಎಷ್ಟೆಂದು ಚಾಲಕರ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ.

ಎರಡನೆಯ ನಿಯಮ, ಕೊನೆಯ ಸಾಲು ಯಾರಿಗೂ ಖಾಯಂ ಅಲ್ಲ. ಅದು ಹಿಂದಿನ ಚಕ್ರದ ಮೇಲೇ ಇರುವುದರಿಂದ ಕುಲುಕಾಟ ಹೆಚ್ಚು, ವಾಂತಿಯೂ ಅಲ್ಲಿಯೇ. ಅನೇಕ ಮನೆಗಳಲ್ಲಿ ಅಲ್ಲಿ ಕೂರುವವಳು ಸೊಸೆ, ಇಲ್ಲವೇ ಮಾತಾಡದ ಮಗು.

ಕಳೆದ ತಿಂಗಳು ಏಳೂ ಜನ ಧರ್ಮಸ್ಥಳಕ್ಕೆ ಹೋದೆವು. ಅತ್ತೆ ಅದೇ ರೇಷ್ಮೆ ಸೀರೆ ಉಟ್ಟಿದ್ದರು. ಅದರ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಕಲೇಶಪುರ ದಾಟಿದ ಮೇಲೆ ನಾದಿನಿ ಸ್ಟಿಯರಿಂಗ್ ಹಿಡಿದಳು, ಸರದಿಯ ಪ್ರಕಾರ ನಮ್ಮವರು ಕೊನೆಯ ಸಾಲಿಗೆ ಹೋದರು. ಶಿರಾಡಿ ಘಾಟಿಯ ತಿರುವುಗಳಲ್ಲಿ ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಗುಂಡ್ಯದಲ್ಲಿ ಇಳಿದವರು ಮೆತ್ತಗೆ ಕೇಳಿದರು, “ನಿಂಬೆಹಣ್ಣು ಇದೆಯೇನೇ?”

“ಇಪ್ಪತ್ತು ವರ್ಷದಿಂದ ನನ್ನ ಚೀಲದಲ್ಲೇ ಇದೆ” ಎಂದು ತೆಗೆದುಕೊಟ್ಟೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.